ಮಣ್ಣಿಗೆ ಬಾರದವನು

ನವೆಂಬರ್ 1. ಸಂಜೆ ಆರು.

ಸ್ಮಶಾನದಿಂದ ಬಂದು ಶೂ ಬಿಚ್ಚಿ ಕೂತೆ. ಬೆಳಿಗ್ಗೆ ಕೋಳಿಗಳಿಗೆ ಜೋಳ. ಒಂಬತ್ತಕ್ಕೆ ರೇಡಿಯೊ. ಹನ್ನೊಂದಕ್ಕೆ ಪೂಜೆ. ಆಮೇಲೆ ಸೇವಂತಿಗೆ ಕುಂಡ ಹೊತ್ತುಕೊಂಡು ದೆಲ್ಮಿರೊನ ಗೋರಿಗೆ. ಸಕಲ ಸಂತರ ಹಬ್ಬ, ಗೋರಿಗಳಿಗೆ ಹೂವಿಡುವ ದಿನ — ಊರಿಗೆ ಊರೇ ಅಲ್ಲಿತ್ತು.

ರೇಡಿಯೊ ಯಾಕೆ ಹಾಕುತ್ತೇನೋ. ಒಂಬತ್ತಕ್ಕೆ ನಮ್ಮ ಕಡೆ ಸತ್ತವರ ಹೆಸರು ಓದುತ್ತಾರೆ. ನನ್ನ ಗಂಡ ದೆಲ್ಮಿರೊ ಮೂವತ್ತೆರಡು ವರ್ಷ ಆ ಹೆಸರುಗಳನ್ನು ಬರೆದುಕೊಂಡ. ಬರೆದುಕೊಂಡು ಬಾಲ್ಯದ ಗೆಳೆಯ ಎಲಾದಿಯೊಗೆ ಫೋನ್ ಮಾಡುತ್ತಿದ್ದ — ಇಂಥ ಮನೆ, ಇಂಥವರು ಹೋದರು, ಮಣ್ಣು ಇಷ್ಟು ಗಂಟೆಗೆ. ಎಲಾದಿಯೊನ ಹೆಸರಿನ ಹೂಚಕ್ರಕ್ಕೂ ಇವನೇ ಅಂಗಡಿಗೆ ಹೇಳುತ್ತಿದ್ದ. ಎಲಾದಿಯೊ ಬಂದು ನಿಲ್ಲುತ್ತಿದ್ದ. ಹಾಗೆ ನಿಂತು ನಿಂತೇ ಕೌನ್ಸಿಲರ್ ಆದ, ಮೇಯರ್ ಆದ, ಸಾಂತಿಯಾಗೊದಲ್ಲಿರುವ ನಮ್ಮ ಪ್ರಾಂತ್ಯದ ಪಾರ್ಲಿಮೆಂಟಿಗೆ ನಾಲ್ಕು ಸಲ ಹೋದ. ಗಲೀಸಿಯಾದಲ್ಲಿ ಮದುವೆಗೆ ಬಾರದವನನ್ನು ಕ್ಷಮಿಸುತ್ತಾರೆ. ಮಣ್ಣಿಗೆ ಬಾರದವನನ್ನು ಮೊಮ್ಮಕ್ಕಳ ಕಾಲಕ್ಕೂ ಮರೆಯುವುದಿಲ್ಲ.

ಕಳೆದ ತಿಂಗಳು ದೆಲ್ಮಿರೊನ ಮಣ್ಣಿಗೆ ಎಲಾದಿಯೊ ಬರಲಿಲ್ಲ.

ಹೂಚಕ್ರ ಇಲ್ಲ. ಬಾಗಿಲ ಬಳಿ ಮೇಜಿನ ಮೇಲಿಟ್ಟ ಸಹಿ ಹಾಳೆಯಲ್ಲಿ ಹೆಸರಿಲ್ಲ. ಫೋನೂ ಇಲ್ಲ. ಬ್ಯೂನಸ್ ಐರಿಸ್‌ಗೆ ಹೋಗಿದ್ದನಂತೆ, ಅಲ್ಲಿ ನೆಲೆಸಿದ ನಮ್ಮವರ ಮತ ಕೇಳಲು. ಅಲ್ಲಿ ಫೋನ್ ಇಲ್ಲವೇ?

ಇವತ್ತು ಬಂದ. ಈ ಹಬ್ಬಕ್ಕೆ ಪ್ರತಿ ವರ್ಷ ಬರುತ್ತಾನೆ, ಗೋರಿಯಿಂದ ಗೋರಿಗೆ ಹೋಗಿ ಎಲ್ಲರ ಕೈ ಹಿಡಿಯುತ್ತಾನೆ. ನಗುತ್ತಾ ನಮ್ಮ ಸಾಲಿಗೆ ತಿರುಗಿದ. ನನ್ನನ್ನು ನೋಡಿದ. ನನ್ನ ಕಪ್ಪು ಬಟ್ಟೆ ನೋಡಿದ. ಕಲ್ಲು ನೋಡಿದ. ಒಂದು ಹೆಜ್ಜೆ ಮುಂದಿಟ್ಟವನು ತಿರುಗಿ ಹೊರಟೇಬಿಟ್ಟ. ಗೇಟಿನವರೆಗೆ ಒಬ್ಬರ ಕೈಯನ್ನೂ ಹಿಡಿಯಲಿಲ್ಲ.

ಪಕ್ಕದ ಮನೆ ದೊರಿಂದಾ ನನ್ನ ತೋಳು ಹಿಂಡಿದಳು. "ನೋಡಿದ್ಯಾ? ದೆವ್ವ ಕಂಡೋನ ಥರ ಓಡಿದ. ವಿರೋಧಿ ಪಾರ್ಟಿಯವನ ತಾಯಿ ಸತ್ತಾಗ ಜ್ವರ ಇಟ್ಕೊಂಡು ಬಂದಿದ್ದೋನು! ಏನೋ ಇದೆ ಕಣೇ ಎರ್ಮಿಂದಾ. ಏನೋ ಮುಚ್ಚಿಟ್ಟಿದಾನೆ."

ಏನೋ ಇದೆ. ನನಗೂ ಹಾಗೇ ಅನ್ನಿಸುತ್ತದೆ.

ನವೆಂಬರ್ 5. ಮಧ್ಯಾಹ್ನ.

ಫೋನ್. ಹೆಣ್ಣು ದನಿ. ಇರಿಯಾ ಅಂತೆ, ದೋನ್ ಎಲಾದಿಯೊ ಅವರ ಆಫೀಸಂತೆ.

"ಎರ್ಮಿಂದಮ್ಮ, ನಿಮ್ಮ ಯಜಮಾನರ ಹತ್ರ ಒಂದು ನೋಟ್‌ಬುಕ್ ಇತ್ತಲ್ಲ, ಮನೆಮನೆ ವಿವರ ಬರೆದಿರೋದು?"

"ಒಂದಲ್ಲ" ಅಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡೆ.

ಆ ಕಡೆ ಏನೋ ಬರೆದುಕೊಂಡ ಸದ್ದು. ಆಮೇಲೆ, ಶನಿವಾರ ಬಂದು ನೋಡುತ್ತೇನೆ ಅಂದಳು. ಫೋನ್ ಇಡುವ ಮುಂಚೆ ನೆನಪಾಯಿತೇನೋ — "ಅಯ್ಯೋ, ನಿಮ್ಮ ದುಃಖದಲ್ಲಿ ನಾವೂ ಇದೀವಿ."

ಹುಡುಕಿದೆ. ಮೇಜಿನ ಡ್ರಾಯರಿನಲ್ಲಿ ಇಲ್ಲ. ಯಾವಾಗಲೂ ಅಲ್ಲೇ ಇರುತ್ತಿದ್ದವು. ದೆಲ್ಮಿರೊ ತೆಗೆದಿಟ್ಟನೇ? ನನ್ನಿಂದ ಬಚ್ಚಿಟ್ಟನೇ?

ಸೆಪ್ಟೆಂಬರಿನಲ್ಲಿ ಪೇಟೆಗೆ, ಎಲಾದಿಯೊನ ಆಫೀಸಿಗೆ ಹೋಗಿ ಬಂದ ದಿನ ಅವನು ಸಾರು ಮುಟ್ಟಲಿಲ್ಲ. ಏನಾಯಿತು ಅಂದೆ. "ಏನಿಲ್ಲ. ಇನ್ಮೇಲೆ ಯಾರು ಸತ್ರು ಅಂತ ಮೆಷಿನ್ ಹೇಳುತ್ತಂತೆ" ಅಂದ. ಅಷ್ಟೇ. ಆಮೇಲೆ ರೇಡಿಯೊ ಕೇಳಿ ಹೆಸರು ಬರೆದುಕೊಳ್ಳುತ್ತಿದ್ದ, ಆದರೆ ಫೋನ್ ಮಾಡಿದ್ದು ನೋಡಿದ ನೆನಪಿಲ್ಲ.

ಇಬ್ಬರ ಮಧ್ಯೆ ಏನಾಗಿತ್ತು?

ನವೆಂಬರ್ 9. ಶನಿವಾರ.

ಇರಿಯಾ ಬಂದಳು. ಮೂವತ್ತೈದು ಇರಬಹುದು. ಒಳ್ಳೆಯ ಕೋಟು, ನಮ್ಮ ಅಂಗಳದ ಕೆಸರಿಗೆ ಆಗದ ಶೂ. ಪೇಟೆಯ ಕೇಕ್ ತಂದಿದ್ದಳು. ಕೂರುವಾಗಲೇ ಕಣ್ಣು ಕಪಾಟಿನ ಮೇಲೆ.

ಕೈಯಲ್ಲಿ ಗಾಜಿನ ಹಲಗೆಯಂಥ ಕಂಪ್ಯೂಟರು. "ಆ ಪುಸ್ತಕದಲ್ಲಿರೋದನ್ನೆಲ್ಲ ಇದಕ್ಕೆ ಹಾಕ್ಕೊಂಡ್ರೆ ಎರ್ಮಿಂದಮ್ಮ, ಒಂದು ಬೆರಳು ಒತ್ತಿದ್ರೆ ಸಾಕು, ಬಂದುಬಿಡ್ತಾರೆ."

"ಯಾರು?"

"ಸತ್ತವರು." ಹೇಳಿ ತಾನೇ ಕೆಂಪಾದಳು.

ಫೆಬ್ರವರಿಯಲ್ಲಿ ಚುನಾವಣೆ. ಜನವರಿಯಲ್ಲಿ ಪಾರ್ಟಿ ಲಿಸ್ಟ್. ನಮ್ಮಲ್ಲಿ ಜನ ಮನುಷ್ಯನಿಗೆ ಮತ ಹಾಕುವುದಿಲ್ಲ, ಲಿಸ್ಟಿಗೆ ಹಾಕುತ್ತಾರೆ. ಮೇಲಿನ ಹೆಸರುಗಳು ಒಳಗೆ, ಕೆಳಗಿನವು ಹೊರಗೆ. ಎಲಾದಿಯೊ ಈ ಸಲ ಎರಡನೆಯ ಹೆಸರಂತೆ. ಗೆದ್ದರೆ ಮಂತ್ರಿಯಂತೆ. "ಆದ್ರೆ ಸೆಪ್ಟೆಂಬರ್‌ನಿಂದ ನಾಲ್ಕು ಮಣ್ಣು ತಪ್ಪಿಹೋಗಿದೆ. ಜನ ಮಾತಾಡ್ತಿದಾರೆ" ಅಂದಳು.

"ಎಲಾದಿಯೊ ಕಳಿಸಿದ್ನಾ ನಿನ್ನ?"

"ಅವರಿಗೆ ಈಗ ಪುರಸೊತ್ತೇ ಇಲ್ಲ."

ಹೌದು ಅನ್ನಲಿಲ್ಲ. ಇಲ್ಲ ಅನ್ನಲೂ ಇಲ್ಲ. ಸಿಕ್ಕಿದರೆ ಹೇಳುತ್ತೇನೆ ಅಂದೆ. ಅವಳು ನಂಬಲಿಲ್ಲ. ಕೇಕನ್ನು ದೊರಿಂದಾಗೆ ಕೊಟ್ಟೆ.

"ತಿನ್ನೋದಕ್ಕೇನೂ ಭಯ ಇಲ್ಲ ತಾನೇ?" ಅಂದಳು ದೊರಿಂದಾ, ಅರ್ಧ ತಿಂದ ಮೇಲೆ.

ನವೆಂಬರ್ 12.

ಸಿಕ್ಕಿತು. ಅಂಗಳದ ಕಣಜದಲ್ಲಿ, ಜೋಳದ ತೆನೆಗಳ ಹಿಂದೆ, ನಮ್ಮ ಹಳೆಯ ಮೇಜಿನ ಹಾಸಿನಲ್ಲಿ ಸುತ್ತಿ. ಹನ್ನೊಂದು ನೋಟ್‌ಬುಕ್. ಇಲಿ ಮುಟ್ಟಿಲ್ಲ.

ಹಾಗಾದರೆ ಬಚ್ಚಿಟ್ಟಿದ್ದೇ ನಿಜ.

ನವೆಂಬರ್ 13.

ದೆಲ್ಮಿರೊ ಹೋಗಿ ಒಂದು ತಿಂಗಳಿನ ಪೂಜೆ. ಪಾದ್ರಿ ಅವನ ಹೆಸರು ಹೇಳುವಾಗ ಎಲಾದಿಯೊ ಬರುತ್ತಾನೇನೋ ಎಂದು ನಾನು ಬಾಗಿಲ ಕಡೆ ನೋಡುತ್ತಿದ್ದೆ. ಬರಲಿಲ್ಲ.

ನವೆಂಬರ್ 17. ಭಾನುವಾರ, ಮಧ್ಯಾಹ್ನ ನಾಲ್ಕು.

ಓದುತ್ತಿದ್ದೇನೆ. ದಿನಕ್ಕೆ ಸ್ವಲ್ಪ. ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟವಳು, ಆದರೆ ಅವನ ಅಕ್ಷರ ನನಗೆ ಬರುತ್ತದೆ.

ಮೊದಲ ಪುಸ್ತಕದಲ್ಲಿ ಎರಡು ಕೈಬರಹ. ಎಲಾದಿಯೊನದೂ ಇದೆ. ಆಗ ಅವನು ಏನೂ ಅಲ್ಲ, ಇಬ್ಬರೂ ಒಂದೇ ಮೊಪೆಡ್‌ನಲ್ಲಿ ಮಣ್ಣಿಗೆ ಹೋಗುತ್ತಿದ್ದರು. ನಾಲ್ಕನೆಯದರಲ್ಲಿ ಮೇಯರ್. ಅಲ್ಲಿಂದ ಬರೀ ದೆಲ್ಮಿರೊನ ಅಕ್ಷರ. ಏಳನೆಯದರಲ್ಲಿ ಸಾಂತಿಯಾಗೊ. ಅವನು ಮೇಲೆ ಮೇಲೆ ಹೋದ ಹಾಗೆ ಇವನ ಸಾಲುಗಳು ಉದ್ದವಾಗಿವೆ. ದೂರ ಹೋದವನಿಗೆ ಹೆಚ್ಚು ಹೇಳಬೇಕಾಗುತ್ತದೆ.

"ಸೇತುವೆ ಮನೆ. ಹೋದವನು ರಾಮಿರೊ. ಹಿರಿಯ ಮಗ ಜೈಲಿನಲ್ಲಿ — ಕೇಳಬೇಡ. ಹೆಂಡತಿಯನ್ನು ತಬ್ಬಬೇಡ, ಅವಳಿಗೆ ಹಿಡಿಸುವುದಿಲ್ಲ, ಕೈ ಹಿಡಿ ಸಾಕು. ಹೇಳಬೇಕಾದ್ದು: ಅವನು ಕಟ್ಟಿದ ಕಲ್ಲಿನ ಗೋಡೆ ಪ್ರವಾಹಕ್ಕೂ ಬೀಳಲಿಲ್ಲ."

ಪ್ರತಿ ಪುಟದ ಕೊನೆಗೂ ಅದೇ. *ಹೇಳಬೇಕಾದ್ದು.*

ರಾಮಿರೊನ ಹೆಂಡತಿ ಆ ಗೋಡೆಯ ಮಾತನ್ನು ಹತ್ತು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ. ಎಂಥ ಮನುಷ್ಯ ಎಲಾದಿಯೊ, ಏನೂ ಮರೆಯುವುದಿಲ್ಲ ಅಂತ.

ನವೆಂಬರ್ 22.

ಬೇಡವೆಂದರೂ ಮೊನ್ನೆ ಹುಡುಕಿದೆ. ಆರನೆಯ ಪುಸ್ತಕ. ನನ್ನ ತಾಯಿ.

ಹತ್ತೊಂಬತ್ತು ವರ್ಷದ ಹಿಂದೆ, ಅಮ್ಮನ ಶವಪೆಟ್ಟಿಗೆಯ ಪಕ್ಕ ನಿಂತಿದ್ದಾಗ ಎಲಾದಿಯೊ ನನ್ನ ಎರಡೂ ಕೈ ಹಿಡಿದು ಹೇಳಿದ್ದ — "ಚಳಿಗಾಲದಲ್ಲಿ ಸ್ಕೂಲಿಗೆ ಹೋಗುವಾಗ ನಿಮ್ಮಮ್ಮ ನನಗೆ ಬೇಯಿಸಿದ ಮೊಟ್ಟೆ ಕೊಡೋಳು ಎರ್ಮಿಂದಾ. ಜೇಬಲ್ಲಿಟ್ಕೊಂಡ್ರೆ ಸ್ಕೂಲ್ ಮುಟ್ಟೋವರೆಗೂ ಕೈ ಬೆಚ್ಚಗಿರೋದು." ಅವತ್ತು ಅದೊಂದು ಮಾತಿಗೇ ನಾನು ಅತ್ತದ್ದು. ಅಲ್ಲಿವರೆಗೆ ಕಣ್ಣೀರು ಬಂದಿರಲಿಲ್ಲ.

ಪುಟದಲ್ಲಿ: "ಹೇಳಬೇಕಾದ್ದು: ಬೇಯಿಸಿದ ಮೊಟ್ಟೆ. ಜೇಬು."

ಎರಡು ದಿನದಿಂದ ಪುಸ್ತಕ ಮುಟ್ಟಿಲ್ಲ. ನನ್ನ ಅಳುವನ್ನೂ ಮುಂಚೆಯೇ ಬರೆದಿಟ್ಟಿದ್ದರೇ ಇವರಿಬ್ಬರು? ನಮ್ಮ ಮನೆಯಲ್ಲಿ ಕೂತು, ನಾನು ಬಡಿಸಿದ್ದು ತಿಂದು, ದೆಲ್ಮಿರೊ ನನ್ನ ಅಮ್ಮನನ್ನು ಫೋನಿನಲ್ಲಿ ಅವನಿಗೆ ಕೊಟ್ಟನೇ? ನಲವತ್ತೊಂದು ವರ್ಷ ಯಾರ ಜೊತೆ ಇದ್ದೆ?

ನವೆಂಬರ್ 30.

ಹನ್ನೊಂದನೆಯದು ಬೇರೆ ಥರ. ಸತ್ತವರದಲ್ಲ, ಸಾಯುವವರದು. ವಯಸ್ಸಾದವರು, ಕಾಯಿಲೆಯವರು. ಮುಂಚೆಯೇ ಸಿದ್ಧ ಮಾಡಿದ ಪುಟಗಳು. ಅದರಲ್ಲಿ ಕೆಲವರು ನಿನ್ನೆ ತಾನೇ ಬ್ರೆಡ್ ವ್ಯಾನಿನ ಹತ್ತಿರ ನನ್ನ ಜೊತೆ ಮಾತಾಡಿದವರು.

"ಮೇಲಿನ ಗಿರಣಿ ಮನೆ. ಬೆನಿಗ್ನಾ. ಯಾರೂ ಇಲ್ಲ. ಎರಡು ಬೆಕ್ಕು. ಎಂದೂ ಮತ ಹಾಕಿದವಳಲ್ಲ. ಆದರೂ ಬಾ."

ಈ ಸಾಲನ್ನು ಮತ್ತೆ ಮತ್ತೆ ಓದಿದೆ. ಮತ ಇಲ್ಲದ ಮೇಲೆ ಯಾಕೆ ಬರಬೇಕು? ಇದರಲ್ಲಿ ಯಾರಿಗೆ ಏನು ಲಾಭ? ತಿಳಿಯಲಿಲ್ಲ.

ಕೊನೆಯ ಪುಟಕ್ಕೆ ಬಂದೆ. ಜೂನ್ ತಿಂಗಳ ತಾರೀಖು.

"ಕಮ್ಮಾರರ ಮನೆ. ದೆಲ್ಮಿರೊ. ಹೆಂಡತಿ ಎರ್ಮಿಂದಾ. ಮಕ್ಕಳಿಲ್ಲ — ಆ ಮಾತು ಎತ್ತಬೇಡ. ಹೇಳಬೇಕಾದ್ದು:"

ಅಲ್ಲಿಗೆ ನಿಂತಿದೆ. ಮುಂದೆ ಖಾಲಿ.

ಜೂನಿನಲ್ಲೇ ಗೊತ್ತಿತ್ತು ಅವನಿಗೆ. ಎದೆ ನೋವು ನನಗೆ ಹೇಳಲಿಲ್ಲ. ಎಲಾದಿಯೊಗೆ ಬರೆದ.

ಕೋಳಿಗಳಿಗೆ ಹಾಕಲು ಮರೆತೆ ಇವತ್ತು.

ಡಿಸೆಂಬರ್ 14.

ದೊರಿಂದಾ ಸುದ್ದಿ ತಂದಳು. ಪೇಟೆಯ ಔಷಧಿ ಅಂಗಡಿಯವನ ತಂದೆಯ ಮಣ್ಣಿಗೆ ಎಲಾದಿಯೊ ಬಂದಿದ್ದನಂತೆ. ಮೆಷಿನ್ ಹೇಳಿತ್ತಂತೆ. ಮಗನ ಕೈ ಹಿಡಿದು, "ನಿಮ್ಮ ತಾಯಿಗೆ ನನ್ನ ನಮಸ್ಕಾರ ಹೇಳಿ" ಅಂದನಂತೆ. ತಾಯಿ ಸತ್ತು ಆರು ವರ್ಷ. ಆ ಮಣ್ಣಿಗೂ ಅವನೇ ಬಂದಿದ್ದ, ಪೆಟ್ಟಿಗೆಗೂ ಹೆಗಲು ಕೊಟ್ಟಿದ್ದ!

"ಮಗ ಏನಂದ ಗೊತ್ತಾ? 'ಹೇಳ್ತೀನಿ ದೋನ್ ಎಲಾದಿಯೊ, ಅಪ್ಪ ಈಗ ಅಲ್ಲಿಗೇ ಹೊರಟಿದಾರೆ' ಅಂದ." ದೊರಿಂದಾ ಮೇಜು ಬಡಿದು ನಕ್ಕಳು.

ನಾನೂ ನಕ್ಕೆ. ಅಕ್ಟೋಬರಿನಿಂದ ಮೊದಲ ಸಲ. ಆಮೇಲೆ ನಾಚಿಕೆಯಾಯಿತು. ಪುಸ್ತಕ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ.

ಕೊಡುವುದಿಲ್ಲ. ಯಾಕೆ ಬರಲಿಲ್ಲ ಎಂದು ಅವನ ಬಾಯಿಂದ ಕೇಳುವವರೆಗೆ ಕೊಡುವುದಿಲ್ಲ.

ಜನವರಿ 7. ಮಧ್ಯಾಹ್ನ ಎರಡು.

ಬಂದಿದ್ದ. ಎಲಾದಿಯೊ. ಈಗಷ್ಟೇ ಹೋದ. ಈಗಲೇ ಬರೆದಿಡುತ್ತೇನೆ. ನಾಳೆಗೆ ಬೇರೆ ಥರ ನೆನಪಾದೀತು.

ಹನ್ನೆರಡರ ಹೊತ್ತು. ಸಾರಿಗೆ ಸೊಪ್ಪು ಕತ್ತರಿಸುತ್ತಿದ್ದೆ. ಕಾರು ದೂರದಲ್ಲಿ, ರಸ್ತೆ ತಿರುವಿನಲ್ಲಿ ಬಿಟ್ಟು ನಡೆದು ಬಂದ. ಒಬ್ಬನೇ. ಡ್ರೈವರ್ ಇಲ್ಲ, ಇರಿಯಾ ಇಲ್ಲ. ಬಾಗಿಲಲ್ಲಿ ಟೋಪಿ ತೆಗೆದು ನಿಂತ. ಬಾ ಅನ್ನಲಿಲ್ಲ ನಾನು. ಹೋಗು ಅನ್ನಲೂ ಇಲ್ಲ. ಬಂದು ಬೆಂಚಿನ ಮೇಲೆ ಕೂತ — ದೆಲ್ಮಿರೊನ ಜಾಗ ಬಿಟ್ಟು.

ಪಾರ್ಲಿಮೆಂಟಿನಲ್ಲಿ ಗಂಟೆಗಟ್ಟಲೆ ಮಾತಾಡುವವನು. ಕುದಿಯುವ ಮಡಕೆಯನ್ನೇ ನೋಡುತ್ತಾ ಕೂತ.

ಕೊನೆಗೆ ನಾನೇ ಕೇಳಿದೆ. "ಮಣ್ಣಿಗೆ ಯಾಕೆ ಬರಲಿಲ್ಲ ಎಲಾದಿಯೊ?"

"ಗೊತ್ತಿರಲಿಲ್ಲ."

"ರೇಡಿಯೊದಲ್ಲಿ ಓದಿದ್ರು. ಪೇಪರ್‌ನಲ್ಲಿ ಬಂತು. ಚರ್ಚಿನ ಗೋಡೆ ಮೇಲೂ ಅಂಟಿಸಿದ್ರು."

"ಮೂವತ್ತೆರಡು ವರ್ಷದಿಂದ ನಾನು ಪೇಪರ್‌ನಲ್ಲಿ ಆ ಪುಟ ತೆರೆದಿಲ್ಲ ಎರ್ಮಿಂದಾ. ಅವನೇ ಹೇಳ್ತಿದ್ನಲ್ಲ." ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಿದ್ದ. "ಆಫೀಸಲ್ಲಿ ಎಲ್ಲರಿಗೂ ಗೊತ್ತಿತ್ತು. ಇರಿಯಾಗೂ ಗೊತ್ತಿತ್ತು. ದೋನ್ ಎಲಾದಿಯೊಗೆ ಮೊದಲೇ ಗೊತ್ತಿರುತ್ತೆ, ಅವರಿಗೆ ನಾವೇನು ಹೇಳೋದು ಅಂದ್ಕೊಂಡ್ರು."

"ಅವನ ಫೋನ್ ಬರಲಿಲ್ಲ. ಅನುಮಾನ ಬರಲಿಲ್ವಾ?"

"ಸಿಟ್ಟು ಮಾಡ್ಕೊಂಡಿದಾನೆ ಅಂದ್ಕೊಂಡೆ. ಆ ಮೆಷಿನ್ ತೋರಿಸಿದ ದಿನದಿಂದ ಅವನು ಫೋನ್ ಮಾಡಿರಲಿಲ್ಲ. ಬ್ಯೂನಸ್ ಐರಿಸ್‌ನಿಂದ ಅವನಿಗೆ ಒಂದು ಟೋಪಿ ತಂದಿದ್ದೆ, ರಾಜಿ ಮಾಡ್ಕೊಳ್ಳೋಣ ಅಂತ. ಹಬ್ಬದ ದಿನ ಸ್ಮಶಾನದಲ್ಲಿ ಸಿಕ್ತಾನೆ, ಅಲ್ಲೇ ಕೊಡೋಣ ಅಂತ ಕಾರಲ್ಲಿಟ್ಟಿದ್ದೆ. ಸಾಲಿಗೆ ತಿರುಗಿದೆ. ಕಲ್ಲಿನ ಮೇಲೆ ಹೆಸರು..."

ಉಳಿದ ಸೊಪ್ಪನ್ನು ಮಡಕೆಗೆ ಹಾಕಿದೆ.

"ಆಮೇಲೂ ಬರಬಹುದಿತ್ತು."

"ಬಂದು ಏನು ಹೇಳಲಿ? ಏನು ಹೇಳ್ಬೇಕು ಅಂತ ಅವನೇ ಹೇಳ್ತಿದ್ದಿದ್ದು."

ಮುಖ ನೋಡಿದೆ. ಅರವತ್ತೆಂಟು ವರ್ಷದ ಮುಖ. ನಿಜವೋ, ನಟನೆಯೋ. ಎಷ್ಟು ಮನೆಗಳಲ್ಲಿ ಇದೇ ಮುಖ ಇಟ್ಟುಕೊಂಡು ನಿಂತಿದ್ದಾನೆ. ಲಿಸ್ಟ್ ಇನ್ನೂ ಬಂದಿಲ್ಲ. ಈಗ ಪುಸ್ತಕ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಕಾಯುತ್ತಿದ್ದೆ.

ನಾನೇ ಇನ್ನೊಂದು ಕೇಳಿದೆ. "ಆ ಮೊಟ್ಟೆ. ನಮ್ಮಮ್ಮ ಯಾರಿಗೆ ಕೊಡ್ತಿದ್ದಿದ್ದು?"

ತಲೆ ಎತ್ತಲಿಲ್ಲ. "ದೆಲ್ಮಿರೊಗೆ. ನಮ್ಮನೇಲಿ ಕೋಳಿ ಇದ್ವು, ನನಗ್ಯಾಕೆ ಕೊಡ್ತಾಳೆ. ಹಳ್ಳದವರೆಗೂ ಅವನ ಜೇಬಲ್ಲಿರೋದು. ಹಳ್ಳ ದಾಟಿದ ಮೇಲೆ ನನ್ನ ಜೇಬಿಗೆ. ಸ್ಕೂಲ್ ಬಾಗಿಲಲ್ಲಿ ವಾಪಸ್ ಇಸ್ಕೊಂಡು ಅವನೇ ತಿನ್ನೋನು. ಒಂದು ಚೂರೂ ಕೊಡ್ತಿರಲಿಲ್ಲ, ಕಳ್ಳ."

ಇದು ಪುಸ್ತಕದಲ್ಲಿ ಇಲ್ಲ. ಹಳ್ಳದ ಮಾತು ಎಲ್ಲಿಯೂ ಇಲ್ಲ.

ಒಂದು ಬಟ್ಟಲು ಸಾರು ಕೊಟ್ಟೆ. ಕುಡಿದ. ಎದ್ದ. ಪುಸ್ತಕ ಕೇಳಲಿಲ್ಲ. ಬೆಂಚಿನ ಮೇಲೆ ಪೊಟ್ಟಣ ಬಿಟ್ಟು ಹೋಗಿದ್ದಾನೆ. ಬೂದು ಬಣ್ಣದ ಟೋಪಿ. ದೆಲ್ಮಿರೊನ ಅಳತೆಯೇ.

ಕೇಳದೆ ಇರುವುದೂ ಅವನ ಕಸುಬಿನ ಒಂದು ಪಟ್ಟು ಇರಬಹುದೇ?

ಜನವರಿ 16.

ಲಿಸ್ಟ್ ಬಂತು. ಪೇಪರ್‌ನಲ್ಲಿ ಹದಿನಾಲ್ಕು ಹೆಸರು. ಮೇಲಿನಿಂದ ಕೆಳಗೆ ಎರಡು ಸಲ ಬೆರಳಿಟ್ಟು ನೋಡಿದೆ. ಎಲಾದಿಯೊ ಇಲ್ಲ. ಐದನೆಯದು ಇರಿಯಾ.

"ಹೊಸ ಮುಖಗಳಿಗೆ ದಾರಿ ಮಾಡಿಕೊಟ್ಟ ಹಿರಿಯರಿಗೆ ಕೃತಜ್ಞತೆ" ಎಂದು ಕೆಳಗೆ ಒಂದು ಸಾಲು.

ದೊರಿಂದಾ ಓದಿ, "ಮಣ್ಣು ಮಾಡಿದ್ರು" ಅಂದಳು.

ಜನವರಿ 25.

ಇರಿಯಾ ಮತ್ತೆ. ಈ ಸಲ ರಬ್ಬರ್ ಬೂಟು ಹಾಕಿಕೊಂಡು. ಕಲಿಯುತ್ತಿದ್ದಾಳೆ.

"ಈಗ ನನಗೇ ಬೇಕು ಎರ್ಮಿಂದಮ್ಮ. ನಿಮ್ಮೂರಿನ ಕೆಲಸ ನಾನು ನೋಡ್ಕೋತೀನಿ."

"ಒಲೆಗೆ ಹಾಕ್ಬಿಟ್ಟೆ" ಅಂದೆ.

"ಎಲ್ಲಾನೂ?"

"ಒದ್ದೆ ಆಗಿದ್ವು. ಉರಿಯೋಕೆ ಹೊತ್ತಾಯ್ತು."

ಒಲೆಯ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲೂ ಈಗ ಅನುಮಾನ. ಒಳ್ಳೆಯದೇ. ಎಲ್ಲ ನಾನೊಬ್ಬಳೇ ಯಾಕೆ ಹೊರಬೇಕು.

ಫೆಬ್ರವರಿ 16. ಭಾನುವಾರ, ಚುನಾವಣೆ.

ಮತ ಹಾಕಿ ಬಂದೆ. ಯಾರಿಗೆ ಎಂದು ಇಲ್ಲೂ ಬರೆಯುವುದಿಲ್ಲ. ಶಾಲೆಯ ಬಾಗಿಲಲ್ಲಿ ಇರಿಯಾ ಎಲ್ಲರ ಕೈ ಕುಲುಕುತ್ತಿದ್ದಳು. ಸೇತುವೆ ಮನೆಯವಳನ್ನು ತಬ್ಬಿಕೊಂಡಳು. ಆಕೆ ಮರದ ಹಾಗೆ ನಿಂತಿದ್ದಳು.

ಎಲಾದಿಯೊ ಬಂದು, ಮತ ಹಾಕಿ, ಯಾರ ಹತ್ತಿರವೂ ನಿಲ್ಲದೆ ಹೋದನಂತೆ. ಯಾರೂ ನಿಲ್ಲಿಸಲೂ ಇಲ್ಲವಂತೆ.

ಫೆಬ್ರವರಿ 21. ಸಂಜೆ.

ಒಂಬತ್ತಕ್ಕೆ ರೇಡಿಯೊ. ಇಬ್ಬರ ಹೆಸರು, ಇಬ್ಬರೂ ದೂರದವರು. ಆಮೇಲೆ ದೊರಿಂದಾ ಓಡಿಬಂದಳು — ಗಿರಣಿ ಮನೆಯ ಬೆನಿಗ್ನಾ ಹೋದಳಂತೆ. ಬ್ರೆಡ್ ವ್ಯಾನಿನವನು ಹಾರ್ನ್ ಮಾಡಿದರೂ ಹೊರಗೆ ಬರಲಿಲ್ಲವಂತೆ. ತೊಂಬತ್ತೊಂದು ವರ್ಷ. ರೇಡಿಯೊದಲ್ಲಿ ಓದಿಸಲು ಅವಳಿಗೆ ಯಾರೂ ಇಲ್ಲ.

"ಯಾರು ಬರ್ತಾರೆ ಹೇಳು ಇವಳ ಮಣ್ಣಿಗೆ" ಅಂದಳು ದೊರಿಂದಾ. "ನೀನು, ನಾನು, ಬೆಕ್ಕು."

ಕಣಜಕ್ಕೆ ಹೋದೆ. ಹನ್ನೊಂದನೆಯ ಪುಸ್ತಕ. ಬೆನಿಗ್ನಾಳ ಪುಟ. *ಆದರೂ ಬಾ.*

ರಟ್ಟಿನ ಒಳಗೆ ಎಲಾದಿಯೊನ ನಂಬರು ಬರೆದಿದೆ. ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ. ಅವನ ಫೋನಿನಲ್ಲಿ ನಮ್ಮ ನಂಬರಿಗೆ ಇನ್ನೂ ದೆಲ್ಮಿರೊನ ಹೆಸರೇ ಇರಬೇಕು.

"ಮೇಲಿನ ಗಿರಣಿ ಮನೆ" ಅಂದೆ. "ಬೆನಿಗ್ನಾ ಹೋದ್ಲು."

"ಎಷ್ಟು ಗಂಟೆಗೆ?"

"ನಾಳೆ ಐದಕ್ಕೆ."

"ಎರ್ಮಿಂದಾ, ಅಲ್ಲಿ ಏನು..."

ಇಟ್ಟುಬಿಟ್ಟೆ. ಪುಟ ಓದಿ ಹೇಳಲಿಲ್ಲ.

ಈಗ ಅವನಿಗೆ ಇದರಿಂದ ಆಗಬೇಕಾದ್ದು ಏನೂ ಇಲ್ಲ. ಬಂದರೆ ಗೊತ್ತಾಗುತ್ತದೆ. ಬಾರದಿದ್ದರೂ ಗೊತ್ತಾಗುತ್ತದೆ.

ಪಾದ್ರಿಗೆ ಹೇಳಿಯಾಯಿತು. ಬೆಕ್ಕುಗಳಿಗೆ ಹಾಲಿಟ್ಟು ಬಂದೆ. ಬಾಗಿಲ ಬಳಿ ಮೇಜು, ಸಹಿ ಹಾಳೆ ನಾನೇ ಇಡಬೇಕು. ಗಿರಣಿ ಮನೆಯಿಂದ ಕೆಳಗೆ ಕಾರು ಬರುವುದಿಲ್ಲ, ಪೆಟ್ಟಿಗೆ ಹೊರಬೇಕು. ನಾಲ್ಕು ಜನ ಬೇಕು. ನಾಳೆಗೆ ಮೂವರು ಸಿಕ್ಕಿದ್ದಾರೆ.